ಬಲ್ಮಠದ ಗುಡ್ಡದ ಮೇಲೊಂದು ಕ್ರಿಸ್‌ಮಸ್

ಶಿರಾ ತಾಲ್ಲೂಕಿನ ಹುಲಿಕುಂಟೆಯ ಹೆಸರನ್ನು ಬಿಡಿಸಿದರೆ ಎರಡು ಮಾತುಗಳು ಸಿಗುತ್ತವೆ: ಹುಲಿ ಮತ್ತು ಕುಂಟೆ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡಗಳ ಈ ಬಯಲುಸೀಮೆಯಲ್ಲಿ ನೀರು ಅಪರೂಪ. ಅದಕ್ಕೋ ಏನೋ, ಊರುಗಳಿಗೆ ಕೆರೆ, ಕುಂಟೆ, ಕಟ್ಟೆಗಳ ಹೆಸರೇ ಹೆಚ್ಚು. ನೀರು ನಿಲ್ಲುವ ಸಣ್ಣ ಹೊಂಡಕ್ಕೆ ಕುಂಟೆ ಎನ್ನುತ್ತಾರೆ. ಎತ್ತು ಕಟ್ಟಿ ಹೊಲ ಹರಗುವ ಸಲಕರಣೆಗೂ ರೈತರು ಕುಂಟೆ ಎಂದೇ ಹೇಳುತ್ತಾರೆ. ಇಂಥ ಮಾತುಗಳನ್ನು ಮನೆಯಲ್ಲೇ ಕಲಿತವರಿಗೆ ಗೊಂದಲವಿಲ್ಲ. ಸಾವಿರಾರು ಮೈಲಿ ದೂರದಿಂದ ಬಂದು ಕನ್ನಡ ಕಲಿತವನೊಬ್ಬ ಅವನ್ನು ಒಂದೊಂದಾಗಿ ಕೇಳಿ, ಬರೆದುಕೊಂಡು, ಅರ್ಥ ಬೇರ್ಪಡಿಸಬೇಕಾದರೆ ಎಷ್ಟು ವರ್ಷ ಬೇಕಾದೀತು?

ಆ ಕೆಲಸ ಮಾಡಿದವರು ಫರ್ಡಿನೆಂಡ್ ಕಿಟೆಲ್. ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂತು. ಸುಮಾರು 70 ಸಾವಿರ ಶಬ್ದಗಳ ಆ ಗ್ರಂಥವನ್ನು ವಿದ್ವಾಂಸರು ಇಂದಿಗೂ ಆಧಾರವಾಗಿ ಹಿಡಿಯುತ್ತಾರೆ. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯ ಕಡೆ ಹೋದವರು ಕಿಟೆಲ್ ಪ್ರತಿಮೆಯನ್ನೂ ನೋಡಿರುತ್ತಾರೆ. ಆದರೆ ನಿಘಂಟು ಬೆಳೆದದ್ದು ಸಂಸಾರಗಳ ನಡುವೆ. ಆ ಸಂಸಾರಗಳು ಹೇಗಿದ್ದವು, ತಮ್ಮ ದೊಡ್ಡ ಹಬ್ಬವಾದ ಕ್ರಿಸ್‌ಮಸ್ಸನ್ನು ಪರದೇಶದಲ್ಲಿ ಹೇಗೆ ಕಳೆದವು ಎಂಬುದು ಶಾಲೆಯ ಪಾಠಗಳಲ್ಲಿ ಬರುವುದಿಲ್ಲ. ತಿಳಿಯಬೇಕಾದರೆ ಮಂಗಳೂರಿನ ಬಲ್ಮಠದ ಗುಡ್ಡ ಹತ್ತಬೇಕು.

ದಾರಿಯಲ್ಲೇ ಗುಬ್ಬಿ

ಹುಲಿಕುಂಟೆಯ ಕಡೆಯಿಂದ ಶಿರಾ, ತುಮಕೂರು ದಾಟಿ ಹಾಸನದ ಹಾದಿ ಹಿಡಿದರೆ ಮೊದಲು ಸಿಗುವ ದೊಡ್ಡ ಊರು ಗುಬ್ಬಿ. ನಾಟಕ ಕಂಪೆನಿಯಿಂದ ನಾಡಿಗೆಲ್ಲ ಹೆಸರಾದ ಈ ಊರಿನಲ್ಲಿ 1837ರಲ್ಲೇ ಇಂಗ್ಲೆಂಡಿನ ವೆಸ್ಲಿಯನ್ ಮಿಷನ್ನಿನ ಥಾಮಸ್ ಹಾಡ್ಸನ್ ಕೇಂದ್ರವೊಂದನ್ನು ತೆರೆದಿದ್ದರು. ಅವರು ಮುಂದೆ ಕನ್ನಡ ವ್ಯಾಕರಣವೊಂದನ್ನು ಬರೆದರು. 1839ರಲ್ಲಿ ವಿಲಿಯಂ ಆರ್ಥರ್ ಎಂಬ 20 ವರ್ಷದ ಐರಿಷ್ ತರುಣ ಅವರ ಜೊತೆಗೂಡಿದ. ಬೇಗನೆ ಕನ್ನಡ ಕಲಿತ. ಆದರೆ ಆರೋಗ್ಯ ಕೆಟ್ಟು ಎರಡೇ ವರ್ಷಗಳಲ್ಲಿ ತಾಯ್ನಾಡಿಗೆ ಮರಳಬೇಕಾಯಿತು. ಬಂದವರಲ್ಲಿ ಎಷ್ಟೋ ಮಂದಿಯ ಕತೆ ಇಷ್ಟೇ: ಭಾಷೆ ಕೈಗೆ ಬರುವ ಹೊತ್ತಿಗೆ ದೇಹ ಕೈಕೊಡುತ್ತಿತ್ತು.

ಗುಬ್ಬಿಯಿಂದ ಮುಂದೆ ತಿಪಟೂರು, ಅರಸೀಕೆರೆ, ಹಾಸನ, ಸಕಲೇಶಪುರ. ಶಿರಾಡಿ ಘಾಟಿ ಇಳಿಯುತ್ತಿದ್ದಂತೆ ಗಾಳಿಯೇ ಬದಲಾಗುತ್ತದೆ. ತುಮಕೂರು ಸೀಮೆಯ ಡಿಸೆಂಬರ್ ಚಳಿ ಘಟ್ಟದ ಮೇಲೆಯೇ ಉಳಿಯುತ್ತದೆ. ಮಂಗಳೂರಿನಲ್ಲಿ ಮಧ್ಯಾಹ್ನ ಅಂಗಿ ಬೆವರಿಗೆ ಅಂಟಿಕೊಳ್ಳುತ್ತದೆ.

ಬಲ್ಮಠ ಈಗ ಪಟ್ಟಣದ ನಟ್ಟನಡುವಿನ ಗಜಿಬಿಜಿಯ ಭಾಗ. ಆದರೂ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಆವರಣ ಹೊಕ್ಕರೆ ಮರಗಳ ನೆರಳು, ಹೆಂಚಿನ ಮಾಡು, ಹಳೆಯ ಕಟ್ಟಡಗಳ ತಂಪು. ಪಕ್ಕದಲ್ಲೇ ಶಾಂತಿ ದೇವಾಲಯವಿದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಆರಂಭವಾದ ಮಿಷನ್ನಿನ ಮೊದಲ ಮೂವರು 1834ರಲ್ಲಿ ಮಂಗಳೂರಿಗೆ ಬಂದಿಳಿದರು. 1836ರಲ್ಲಿ ಬಂದ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು. ಅದೇ ಕನ್ನಡದ ಮೊದಲ ಪತ್ರಿಕೆ. ಈಗಲೂ ಜುಲೈ 1 ನಮಗೆ ಪತ್ರಿಕಾ ದಿನ. ಇವರೆಲ್ಲ ಬಂದ ಉದ್ದೇಶ ಮತಪ್ರಚಾರ. ಅದನ್ನು ಅವರು ಮುಚ್ಚಿಡಲಿಲ್ಲ, ಅದರಿಂದ ಊರಿನಲ್ಲಿ ಎದ್ದ ವಿರೋಧವನ್ನೂ ಉಂಡರು. ಆದರೆ ಆ ಕೆಲಸಕ್ಕಾಗಿ ಕಲಿತ ಭಾಷೆ, ತಂದ ಅಚ್ಚು, ತೆರೆದ ಶಾಲೆ ಎಲ್ಲರ ಸೊತ್ತಾದವು.

ನೋಡದ ವರ, ಕಾಣದ ಊರು

ಬಾಸೆಲ್ ಮಿಷನ್ನಿನ ನಿಯಮದಂತೆ ತರುಣ ಪಾದ್ರಿ ಒಂಟಿಯಾಗಿಯೇ ಬರಬೇಕಿತ್ತು. ಕೆಲವು ವರ್ಷ ದುಡಿದು, ಹವೆಗೆ ಒಗ್ಗಿಕೊಂಡು, ಭಾಷೆ ಕಲಿತ ಮೇಲೆ ಮದುವೆಗೆ ಸಮಿತಿಯ ಅನುಮತಿ ಕೇಳಬಹುದಿತ್ತು. ಹುಡುಗಿ ಯಾರೆಂಬುದಕ್ಕೂ ಸಮಿತಿಯ ಒಪ್ಪಿಗೆ ಬೇಕು. ಒಪ್ಪಿಗೆ ಸಿಕ್ಕರೆ ಜರ್ಮನಿಯ ಅಥವಾ ಸ್ವಿಟ್ಜರ್ಲೆಂಡಿನ ಯಾವುದೋ ಹಳ್ಳಿಯ ಹೆಣ್ಣುಮಗಳು ಹಡಗು ಹತ್ತುತ್ತಿದ್ದಳು. ಎಷ್ಟೋ ಮಂದಿ ವಧುಗಳಿಗೆ ವರನ ಪರಿಚಯ ಕಾಗದದ ಮೂಲಕ ಮಾತ್ರ. ಬಂದಿಳಿದ ಕೆಲವೇ ದಿನಗಳಲ್ಲಿ ಮದುವೆ. ಹೆಣ್ಣು ನೋಡುವ ಶಾಸ್ತ್ರವನ್ನು ಬಲ್ಲ ನಮ್ಮ ಹಿರಿಯರಿಗೆ ಇದು ತೀರಾ ವಿಚಿತ್ರವೆನಿಸದು. ಆದರೆ ನಮ್ಮ ಹೆಣ್ಣುಮಕ್ಕಳಿಗೆ ತವರು ಎತ್ತಿನ ಗಾಡಿಯ ದೂರದಲ್ಲಾದರೂ ಇರುತ್ತಿತ್ತು.

ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೆ ಮೊದಲು ಆಫ್ರಿಕವನ್ನು ಸುತ್ತಿ ಬರುವ ಹಾಯಿಹಡಗಿಗೆ ನಾಲ್ಕೈದು ತಿಂಗಳು ಬೇಕಾಗುತ್ತಿತ್ತು. ಈಜಿಪ್ಟಿನ ನೆಲಮಾರ್ಗವಾಗಿ ಬರುವ ಅಂಚೆಗೂ ಒಂದು ತಿಂಗಳಿಗಿಂತ ಹೆಚ್ಚು ಕಾಲ ಹಿಡಿಯುತ್ತಿತ್ತು. ಹಡಗಿನಲ್ಲಿ ಬರುವ ಕ್ರಿಸ್‌ಮಸ್ ಉಡುಗೊರೆಯನ್ನು ತಾಯಿ ಬೇಸಿಗೆಯಲ್ಲೇ ಕಟ್ಟಿಡಬೇಕು. ಮಗಳು ಬರೆದ ಧನ್ಯವಾದ ತಲುಪುವ ಹೊತ್ತಿಗೆ ಅಲ್ಲಿ ಹಿಮ ಕರಗಿರುತ್ತಿತ್ತು.

ಹಬ್ಬದ ದಿನದ ವ್ಯತ್ಯಾಸಕ್ಕೆ ಭೂಮಿಯ ಅಕ್ಷದ ಓರೆಯೇ ಕಾರಣ. ಅಕ್ಷ ಸುಮಾರು 23.5 ಡಿಗ್ರಿ ವಾಲಿರುವುದರಿಂದ ಡಿಸೆಂಬರಿನಲ್ಲಿ ಉತ್ತರಕ್ಕೆ ಹೋದಂತೆಲ್ಲ ಹಗಲು ಕುಗ್ಗುತ್ತದೆ. ಸುಮಾರು 47.5 ಡಿಗ್ರಿ ಉತ್ತರದಲ್ಲಿರುವ ಬಾಸೆಲ್ಲಿನಲ್ಲಿ ಕ್ರಿಸ್‌ಮಸ್ ದಿನದ ಹಗಲು ಎಂಟೂವರೆ ಗಂಟೆಗೂ ಕಡಿಮೆ. 13 ಡಿಗ್ರಿಯ ಹತ್ತಿರದ ಮಂಗಳೂರಿನಲ್ಲಿ ಅದು ಹನ್ನೊಂದು ಗಂಟೆಗಿಂತ ಹೆಚ್ಚು. ಅಲ್ಲಿ ಸಂಜೆ ನಾಲ್ಕೂವರೆ, ಐದರೊಳಗೆ ಕತ್ತಲು. ಹೊರಗೆ ಚಳಿ, ಒಳಗೆ ಒಲೆಯ ಸುತ್ತ ಮನೆಮಂದಿ. ಆ ಕತ್ತಲಿನಲ್ಲಿ ಫರ್ ಮರಕ್ಕೆ ಹಚ್ಚಿದ ಮೇಣದಬತ್ತಿಗೆ ಒಂದು ಅರ್ಥವಿತ್ತು. ಡಿಸೆಂಬರ್ 24ರ ಸಂಜೆಯೇ ಜರ್ಮನ್ ಮನೆಗಳ ದೊಡ್ಡ ಹೊತ್ತು. ಮಂಗಳೂರಿನಲ್ಲಿ ಅದೇ ಸಂಜೆ ಆರರವರೆಗೂ ಬೆಳಕು, ತೆಂಗಿನ ಗರಿಗಳ ಮೇಲೆ ಬೀಸುವ ಉಪ್ಪುಗಾಳಿ. ಫರ್ ಮರ ಕರಾವಳಿಯಲ್ಲಿ ಬೆಳೆಯದು. ದಕ್ಷಿಣ ಭಾರತದ ಮನೆಗಳಲ್ಲಿ ಮುಂದೆ ಆ ಜಾಗಕ್ಕೆ ಗಾಳಿಮರದ ಕೊಂಬೆ ಬಂತು.

ಪಂಚಾಂಗದಲ್ಲಿ ದಿನ ಒಂದೇ, ಹಬ್ಬದ ಗುರುತುಗಳು ಮಾತ್ರ ಒಂದೂ ಇಲ್ಲ. ಹಾಗಾಗಿ ಹಬ್ಬವನ್ನು ಇಲ್ಲಿನ ಮಾತಿನಲ್ಲೇ ಹೊಸದಾಗಿ ಕಟ್ಟಬೇಕಾಯಿತು. ಕಿಟೆಲ್ 1862ರಲ್ಲಿ ಪ್ರಕಟಿಸಿದ ‘ಕಥಾಮಾಲೆ’ ಅಂಥ ಪ್ರಯತ್ನ. ಯೇಸುವಿನ ಕತೆಯನ್ನು ಅವರು ಅದರಲ್ಲಿ ಕನ್ನಡದ ಪದ್ಯಗಳಾಗಿ ಹಾಡಿಗೆ ಒಗ್ಗುವಂತೆ ಹೊಸೆದರು. ಮುಂದೆ ‘ಶಬ್ದಮಣಿದರ್ಪಣ’ವನ್ನೂ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿದ ಕೈ ಅದು.

ನಾಲ್ಕು ವರ್ಷದ ಸಂಸಾರ

‘ಕಥಾಮಾಲೆ’ ಬಂದ ಹೊತ್ತಿಗೆ ಕಿಟೆಲ್ ಹೊಸ ಸಂಸಾರಿ. 1853ರಲ್ಲಿ 21ರ ಹರೆಯದಲ್ಲಿ ಬಂದ ಅವರು 1860ರಲ್ಲಿ ಪೌಲೀನ್ ಐತ್ ಅವರನ್ನು ಮದುವೆಯಾದರು. 1864ರಲ್ಲಿ ಪೌಲೀನ್ ತೀರಿಕೊಂಡರು. ಮೂರು ವರ್ಷದ ಮೇಲೆ, 1867ರಲ್ಲಿ, ಪೌಲೀನರ ತಂಗಿ ಜೂಲಿ ಕಿಟೆಲರನ್ನು ಮದುವೆಯಾದರು. ಅಕ್ಕ ಮಣ್ಣಾದ ದೇಶಕ್ಕೆ, ಅಕ್ಕನ ಮನೆಗೇ ತಂಗಿ ಸೊಸೆಯಂತೆ ಬಂದದ್ದು ಎಂಥ ಧೈರ್ಯವೆಂಬುದನ್ನು ಹೆಣ್ಣುಮಕ್ಕಳನ್ನು ಹೆತ್ತವರು ಊಹಿಸಬಲ್ಲರು.

ಮೋಗ್ಲಿಂಗರ ಮನೆಯ ಕತೆಯೂ ಇಂಥದ್ದೇ. ಅವರ ಸಹೋದ್ಯೋಗಿ, ಬೈಬಲ್ ಅನುವಾದದಲ್ಲಿ ದುಡಿದ ಗಾಟ್‌ಫ್ರೀಡ್ ವೈಗ್ಲೆ 1855ರಲ್ಲಿ ತೀರಿಕೊಂಡರು. ಅವರ ವಿಧವೆಯ ಹೆಸರೂ ಪೌಲೀನ್. ಮುಂದೆ ಆಕೆಯನ್ನು ಮೋಗ್ಲಿಂಗ್ ಮದುವೆಯಾದರು. ಆದರೆ ಆಕೆಯ ಆರೋಗ್ಯ ಕೆಟ್ಟು 1860ರಲ್ಲಿ ದಂಪತಿ ಯೂರೋಪಿಗೆ ಮರಳಿದರು. ಕನ್ನಡದ ಮೊದಲ ಪತ್ರಿಕೆಯ ಸಂಪಾದಕ 1881ರಲ್ಲಿ ಜರ್ಮನಿಯಲ್ಲಿ ಕಣ್ಣು ಮುಚ್ಚಿದರು.

ಆಗಿನ ವೈದ್ಯವಿಜ್ಞಾನದ ಸ್ಥಿತಿಯನ್ನು ವಿದ್ಯಾರ್ಥಿಗಳು ನೆನೆಯಬೇಕು. ಮಲೇರಿಯದ ರೋಗಾಣುವನ್ನು ಲಾವೆರಾನ್ ಕಂಡದ್ದು 1880ರಲ್ಲಿ. ಅದಕ್ಕೂ ಸೊಳ್ಳೆಗೂ ಇರುವ ನಂಟನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ತೋರಿಸಿದ್ದು 1897ರಲ್ಲಿ. ಕಾಲರಾದ ಜೀವಾಣುವನ್ನು ರಾಬರ್ಟ್ ಕಾಕ್ ಬೇರ್ಪಡಿಸಿದ್ದು 1884ರಲ್ಲಿ. ಗಾಯ ನಂಜಾಗದಂತೆ ತಡೆಯುವ ಲಿಸ್ಟರನ ವಿಧಾನ ಪ್ರಕಟವಾದದ್ದು 1867ರಲ್ಲಿ. ಇವೆಲ್ಲಕ್ಕೂ ಮೊದಲು ಜ್ವರಕ್ಕೆ ಕೆಟ್ಟ ಗಾಳಿಯೇ ಕಾರಣವೆಂದು ನಂಬಿದ್ದ ಕಾಲದಲ್ಲಿ ಈ ತರುಣಿಯರು ಇಲ್ಲಿ ಬಾಣಂತನ ಮಾಡಿಕೊಂಡರು. ಸುತ್ತಲಿನ ಊರವರ ಪಾಡೂ ಬೇರೆಯಾಗಿರಲಿಲ್ಲ. ಊರಿನ ತಾಯಂದಿರೂ ಅದೇ ಜ್ವರಕ್ಕೆ, ಅದೇ ನಂಜಿಗೆ ಬಲಿಯಾಗುತ್ತಿದ್ದರು.

ಬದುಕಿದ ಮಕ್ಕಳ ವಿಷಯದಲ್ಲಿ ಇನ್ನೊಂದು ಸಂಕಟ. ಶಾಲೆಯ ವಯಸ್ಸು ಬರುತ್ತಿದ್ದಂತೆ ಅವರನ್ನು ಯೂರೋಪಿಗೆ ಕಳುಹಿಸಬೇಕಿತ್ತು. ಇಂಥ ಮಕ್ಕಳಿಗಾಗಿಯೇ ಬಾಸೆಲ್ಲಿನಲ್ಲಿ ಮಿಷನ್ ಮನೆಯೊಂದನ್ನು ನಡೆಸಿತು. ತಲಶ್ಶೇರಿಯಲ್ಲಿದ್ದು ಮಲಯಾಳಂ ನಿಘಂಟು ರಚಿಸಿದ ಹರ್ಮನ್ ಗುಂಡರ್ಟ್ ಮತ್ತು ಜೂಲಿ ದಂಪತಿಯ ಮಗಳು ಮರೀ ಹುಟ್ಟಿದ್ದು 1842ರಲ್ಲಿ. ಎಳವೆಯಲ್ಲೇ ಯೂರೋಪಿನಲ್ಲಿ ಉಳಿದ ಆಕೆ ತಂದೆತಾಯಿಯ ಬಳಿಗೆ ಭಾರತಕ್ಕೆ ಮರಳಿದ್ದು 1857ರಲ್ಲಿ, 15ನೆಯ ವಯಸ್ಸಿಗೆ. ಮುಂದೆ ‘ಸಿದ್ಧಾರ್ಥ’ ಬರೆದ ಹರ್ಮನ್ ಹೆಸ್ಸೆಯ ತಾಯಿ ಈಕೆಯೇ. ಹಾಸ್ಟೆಲಿಗೆ ಮಗನನ್ನು ಬಿಟ್ಟು ಬಂದ ರಾತ್ರಿ ಊಟ ಸೇರದ ತಂದೆತಾಯಿಗಳು ಹಳ್ಳಿಹಳ್ಳಿಯಲ್ಲೂ ಇದ್ದಾರೆ. ಮಕ್ಕಳಿಗೆಂದೇ ಇರುವ ಹಬ್ಬದ ದಿನ ಮಕ್ಕಳಿಲ್ಲದ ಆ ಮನೆಗಳ ಮೌನವನ್ನು ಅವರಿಗೆ ಬಿಡಿಸಿ ಹೇಳಬೇಕಿಲ್ಲ.

ಆನಂದಪುರದ ದಂಪತಿ

ಈ ಪಯಣ ಒಂದೇ ದಿಕ್ಕಿನದಾಗಿರಲಿಲ್ಲ. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದ ಆನಂದರಾವ್ ಕೌಂಡಿನ್ಯ ಮಿಷನ್ನಿನ ಇಂಗ್ಲಿಷ್ ಶಾಲೆಯ ವಿದ್ಯಾರ್ಥಿ. 1844ರಲ್ಲಿ ಅವರು ಇಬ್ಬರು ಗೆಳೆಯರೊಡನೆ ಕ್ರೈಸ್ತರಾದಾಗ ಊರಿಗೆ ಊರೇ ಕೆರಳಿತು. ಚಿಕ್ಕಂದಿನಲ್ಲೇ ಮದುವೆಯಾಗಿದ್ದ ಪತ್ನಿ ಜೊತೆಗೆ ಬರಲಿಲ್ಲ. ಬಂಧುಗಳು ದೂರವಾದರು. 1846ರಲ್ಲಿ ಅವರು ಓದಲು ಬಾಸೆಲ್ಲಿಗೆ ಹೋಗಿ 1851ರಲ್ಲಿ ಪಾದ್ರಿಯಾಗಿ ಮರಳಿದರು. ಕಡಲತೀರದ ಹುಡುಗ ಹಿಮದ ನಾಡಿನಲ್ಲಿ ಕ್ರಿಸ್‌ಮಸ್ ಕಳೆದ ವರ್ಷಗಳವು. ಬಲ್ಮಠದ ಜರ್ಮನ್ ತರುಣಿಯರು ಕಂಡ ಪರಕೀಯತೆಯನ್ನು ಈ ಮಂಗಳೂರಿಗ ಅಲ್ಲಿ ಕಂಡಿರಬೇಕು.

1860ರಲ್ಲಿ ಮರೀ ರೈನ್‌ಹಾರ್ಟ್ ಎಂಬ ಜರ್ಮನ್ ತರುಣಿ ಸಮುದ್ರ ದಾಟಿ ಬಂದು ಈ ಕೌಂಡಿನ್ಯರ ಕೈಹಿಡಿದರು. ಬಿಳಿಯರ ಆಳ್ವಿಕೆಯ ಕಾಲದಲ್ಲಿ, 1857ರ ದಂಗೆ ಮುಗಿದು ಎರಡು ವರ್ಷವೂ ತುಂಬಿರದ ಹೊತ್ತಿನಲ್ಲಿ, ಈ ಮದುವೆ ಎರಡೂ ಕಡೆಯವರ ಹುಬ್ಬೇರಿಸುವಂಥದ್ದು.

ಕೊಡಗಿನ ಸಿದ್ದಾಪುರದ ಸಮೀಪದ ಆನಂದಪುರ ಈ ಕತೆಯ ಇನ್ನೊಂದು ಊರು. ನೆಲವಿಲ್ಲದ, ಆಳುಗಳಾಗಿ ದುಡಿಯುತ್ತಿದ್ದ ಕುಟುಂಬಗಳಿಗೆ ನೆಲೆ ಕೊಡಬೇಕೆಂದು 1850ರ ದಶಕದ ಕೊನೆಯಲ್ಲಿ ಮೋಗ್ಲಿಂಗ್ ಮತ್ತು ಕೌಂಡಿನ್ಯ ಕಟ್ಟಿದ ಹಳ್ಳಿ ಅದು. ಈಗ ಅಲ್ಲಿಗೆ ಹೋದರೆ ಕಾಫಿ ತೋಟಗಳ ನಡುವೆ ರಸ್ತೆ ಸಾಗುತ್ತದೆ. ಡಿಸೆಂಬರಿನಲ್ಲಿ ಹಣ್ಣಾದ ಕಾಫಿ ಗಿಡದಲ್ಲಿ ಕೆಂಪಗೆ ತೂಗುತ್ತಿರುತ್ತದೆ, ಕೊಯ್ಲಿನ ಕಾಲ. ಕ್ರಿಸ್‌ಮಸ್ ಬರುವುದು ಅದರ ನಡುವೆ. ಕರಾವಳಿಯ ಕ್ರೈಸ್ತರ ಮನೆಗಳಲ್ಲಿ ಅದೇ ವಾರ ಕುಸ್ವಾರ್ ತಿಂಡಿಗಳು ಎಣ್ಣೆಯಲ್ಲಿ ಬೇಯುತ್ತಿರುತ್ತವೆ. ಅವುಗಳಲ್ಲೊಂದಾದ ನೆವ್ರಿಯನ್ನು ತುಮಕೂರು ಸೀಮೆಯವರು ನೋಡಿದರೆ ಕರ್ಜಿಕಾಯಿ ಎಂದೇ ಗುರುತಿಸುವರು. ಹೊರಗಿನಿಂದ ಬಂದ ಹಬ್ಬ ನೆಲಕ್ಕೆ ಬೇರು ಬಿಡುವುದು ಹೀಗೆ: ಅಕ್ಕಿ, ಬೆಲ್ಲ, ತೆಂಗಿನಕಾಯಿಯಲ್ಲಿ, ಊರ ಮಾತಿನ ಹಾಡಿನಲ್ಲಿ.

ಕೌಂಡಿನ್ಯ 1893ರಲ್ಲಿ ತೀರಿಕೊಂಡರು. ಅದರ ಮರುವರ್ಷ ಕಿಟೆಲ್ ನಿಘಂಟು ಅಚ್ಚಾಗಿ ಬಂತು. ಆ ಹೊತ್ತಿಗೆ ಕಿಟೆಲ್ ಜರ್ಮನಿಗೆ ಮರಳಿದ್ದರು. 1903ರ ಡಿಸೆಂಬರಿನಲ್ಲಿ, ಕ್ರಿಸ್‌ಮಸ್‌ಗೆ ಕೆಲವೇ ದಿನಗಳಿರುವಾಗ, ಟ್ಯೂಬಿಂಗನ್ ಪಟ್ಟಣದಲ್ಲಿ ಅವರ ಬದುಕು ಮುಗಿಯಿತು. ನಿಘಂಟಿನ ಮುಖಪುಟದಲ್ಲಿ ಅವರದೊಂದೇ ಹೆಸರಿದೆ. ಪೌಲೀನ್, ಜೂಲಿ, ಮರೀ ಎಂಬ ಹೆಸರುಗಳನ್ನು ಯಾವ ಮುಖಪುಟವೂ ಅಚ್ಚು ಹಾಕಿಲ್ಲ. ಬಲ್ಮಠಕ್ಕೆ ಶಾಲಾ ಪ್ರವಾಸ ಹೊರಡುವ ವಿದ್ಯಾರ್ಥಿಗಳು ಅವನ್ನೂ ತಮ್ಮ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳಲಿ.