ಶಿಕಸ್ತಾ ಓದುತ್ತಿದ್ದವರು

ಅಪ್ಪನಿಗೆ ಅನ್ನ ಕೊಟ್ಟದ್ದು ಉರ್ದು. ಕಲಬುರಗಿ ಕಡೆಯ ಹಳ್ಳಿಯವರು. ಮನೆಯಲ್ಲಿ ಕನ್ನಡ, ಹೈಸ್ಕೂಲಿನಲ್ಲಿ ಉರ್ದು, ನೌಕರಿ ಹೈದರಾಬಾದಿನ ಕಂದಾಯ ಇಲಾಖೆಯಲ್ಲಿ. ನಿಜಾಮರ ಸರ್ಕಾರ 1884ರಲ್ಲಿ ಫಾರಸಿಯನ್ನು ಬಿಟ್ಟು ಉರ್ದುವನ್ನು ಆಡಳಿತಕ್ಕೆ ತಂದಿತ್ತು. ಪ್ರಜೆಗಳಲ್ಲಿ ಅರ್ಧದಷ್ಟು ತೆಲುಗರು, ಉಳಿದವರಲ್ಲಿ ಹೆಚ್ಚಿನವರು ಮರಾಠಿ, ಕನ್ನಡದವರು. ಇದು ದಬ್ಬಾಳಿಕೆ ಎಂದವರು ಆಗಲೂ ಇದ್ದರು, ಅವರ ಮಾತು ಸುಳ್ಳೂ ಅಲ್ಲ. ಅಪ್ಪ ಮಾತ್ರ ಆ ತಂಟೆಗೆ ಹೋದವರಲ್ಲ. ಸಂಬಳ ಯಾವ ಭಾಷೆಯಲ್ಲಿ ಬರುತ್ತದೋ ಅದನ್ನು ಕಲಿತರಾಯಿತು ಎನ್ನುತ್ತಿದ್ದರು.

1956ರಲ್ಲಿ ಕನ್ನಡ ಜಿಲ್ಲೆಗಳು ಮೈಸೂರಿಗೆ ಸೇರಿದವು. ಅಪ್ಪ ನಗರ ಬಿಟ್ಟು ಕದಲಲಿಲ್ಲ. ನನ್ನನ್ನು ಕಾಚಿಗುಡದ ನೃಪತುಂಗ ಶಾಲೆಗೆ ಹಾಕಿ ಕನ್ನಡದ ಋಣ ತೀರಿಸಿದರು. 1966ರಲ್ಲಿ ಆಂಧ್ರಪ್ರದೇಶ ತೆಲುಗನ್ನು ಅಧಿಕೃತ ಭಾಷೆ ಮಾಡಿ ಕಾಯ್ದೆ ತಂದಾಗ ನಲವತ್ತು ದಾಟಿದ ಮೇಲೆ ತೆಲುಗು ಅಕ್ಷರ ತಿದ್ದಿದರು. ಕನ್ನಡ ಓದಬಲ್ಲವರಿಗೆ ಅದೇನು ಮಹಾ. ಕಾಯ್ದೆ ಬಂದರೂ ಮೇಲಿನ ಕಡತಗಳೆಲ್ಲ ಇಂಗ್ಲಿಷಿನಲ್ಲೇ ಓಡಾಡುತ್ತಿದ್ದವು. ದೆಹಲಿಯ ಕಥೆಯೂ ಅಷ್ಟೇ: 1965ಕ್ಕೆ ಇಂಗ್ಲಿಷಿನ ಗಡುವು ಮುಗಿಯಬೇಕಿತ್ತು, 1963ರ ಅಧಿಕೃತ ಭಾಷಾ ಕಾಯ್ದೆ ಅದನ್ನು ಉಳಿಸಿತು, 1967ರ ತಿದ್ದುಪಡಿ ಇನ್ನಷ್ಟು ಗಟ್ಟಿ ಮಾಡಿತು.

ಅಪ್ಪ ನಿವೃತ್ತರಾಗಿ ಎಷ್ಟೋ ವರ್ಷದ ಮೇಲೆ ಅವರ ಉರ್ದುವಿಗೆ ಮತ್ತೆ ಬೆಲೆ ಬಂತು, ಅದೂ ಹೈದರಾಬಾದಿನ ಅಂಚಿನ ಮಾದಾಪುರದಿಂದ. ಬಂಡೆ, ಕುರುಚಲು, ಅಲ್ಲಲ್ಲಿ ಜೋಳದ ಹೊಲ ಇದ್ದ ಊರು. 1998ರ ನವೆಂಬರಿನಲ್ಲಿ ಪ್ರಧಾನಿ ವಾಜಪೇಯಿ ಅಲ್ಲಿ ಸೈಬರ್ ಟವರ್ಸ್ ಎಂಬ ಐಟಿ ಕಟ್ಟಡ ಉದ್ಘಾಟಿಸಿದರು. ಆ ಹೊತ್ತಿಗಾಗಲೇ ಜಮೀನಿಗೆ ಬೆಲೆ ಬಂದು, ಅಲ್ಲಿನ ರೈತರು ಪ್ಲಾಸ್ಟಿಕ್ ಚೀಲ ಹಿಡಿದು ನಮ್ಮ ಮನೆಗೆ ಬರತೊಡಗಿದ್ದರು. ಚೀಲದಲ್ಲಿ ಮಡಿಕೆ ಹರಿದ ಸೇತ್ವಾರ್ ಎಂಬ ಸರ್ವೆ ದಾಖಲೆ, ಪಹಣಿ ನಕಲು. ಎಲ್ಲ ಉರ್ದು, ಅದೂ ಚುಕ್ಕೆಗಳನ್ನು ನುಂಗಿ ಓಡುವ ಶಿಕಸ್ತಾ ಬರಹ. ತಾತನ ಹೊಲದ ಕಾಗದ ಮನೆಯಲ್ಲಿ ಯಾರಿಗೂ ಓದಲು ಬಾರದು. "ಸಾಬ್, ಚೂಡಂಡಿ", ನೋಡಿ ಎಂದು ಮುಂದೆ ಹರಡುತ್ತಿದ್ದರು. ಅಪ್ಪ ಕನ್ನಡಕ ಏರಿಸಿ, ಕಂದಾಯ ಲೆಕ್ಕದ ಫಸಲಿ ವರ್ಷಕ್ಕೆ 590 ಕೂಡಿಸಿ ಇಸವಿ ಹೇಳುತ್ತಿದ್ದರು. ಆಮೇಲೆ ಪಟ್ಟಾದಾರನ ಹೆಸರು, ಎಕರೆ, ಗುಂಟೆ.

ಎಲ್ಲರಿಗೂ ಸಿಹಿ ಸುದ್ದಿಯೇ ಇರುತ್ತಿರಲಿಲ್ಲ. ಕೆಲವು ಕಾಗದದಲ್ಲಿ 'ಸರ್ಫ್-ಎ-ಖಾಸ್' ಎಂದಿರುತ್ತಿತ್ತು: ನಿಜಾಮರ ಖಾಸಗಿ ಜಮೀನು, 1949ರಲ್ಲಿ ಸರ್ಕಾರಕ್ಕೆ ಸೇರಿದ್ದು. ತಲೆಮಾರಿನಿಂದ ಉತ್ತುಕೊಂಡು ಬಂದವನಿಗೆ ಅಂದೇ ಕೋರ್ಟಿನ ದಾರಿ. ಅಂಥವರು ಒಮ್ಮೊಮ್ಮೆ ಅಪ್ಪನ ಮೇಲೇ ಸಿಟ್ಟಾಗುತ್ತಿದ್ದರು. ಓದಿಸಿಕೊಂಡ ಕೆಲವರು ಆ ವಾರವೇ ಬಂದ ಬೆಲೆಗೆ ಮಾರಿದರು. ಕಾದವರು ಕೋಟಿ ಎಣಿಸಿದರು. ಅಪ್ಪ ಯಾರಿಂದಲೂ ದುಡ್ಡು ಮುಟ್ಟಲಿಲ್ಲ. ಅದನ್ನು ದೊಡ್ಡತನ ಎನ್ನಲಾರೆ. ಅವ್ವನಂತೂ ದಡ್ಡತನ ಎಂದೇ ಹೇಳುತ್ತಿದ್ದಳು.

ಈಗ ನಾನೇ ಮಾದಾಪುರದಲ್ಲಿದ್ದೇನೆ, ದುರ್ಗಂ ಚೆರುವು ಕೆರೆಯ ಕೇಬಲ್ ಸೇತುವೆಗೆ ಹತ್ತಿರ. ಲಿಫ್ಟಿನಲ್ಲಿ ಹಿಂದಿ, ತಮಿಳು, ಒಡಿಯಾ ಕೇಳುತ್ತದೆ, ಕನ್ನಡವೂ ಆಗಾಗ. ಗಾಜಿನ ಕಚೇರಿಗಳೊಳಗೆ ನಡೆಯುವುದು ಇಂಗ್ಲಿಷ್. ಅದಕ್ಕೆ ಯಾವ ಕಾಯ್ದೆಯೂ ಬೇಕಾಗಲಿಲ್ಲ. ಸಂವಿಧಾನದ 350ನೇ ವಿಧಿಯ ಪ್ರಕಾರ ನಾನು ಅಹವಾಲನ್ನು ಕನ್ನಡದಲ್ಲೂ ಬರೆದು ಕೊಡಬಹುದು. ಕೊಟ್ಟಿಲ್ಲ. ಕೊಟ್ಟವರನ್ನು ನೋಡಿಯೂ ಇಲ್ಲ.

2017ರಲ್ಲಿ ತೆಲಂಗಾಣ ಉರ್ದುವನ್ನು ಇಡೀ ರಾಜ್ಯಕ್ಕೆ ಎರಡನೇ ಅಧಿಕೃತ ಭಾಷೆ ಮಾಡಿತು. ಒಳ್ಳೆಯದೇ. ಆದರೆ ಕಾಯ್ದೆಯಿಂದ ಫಲಕ ಬರುತ್ತದೆ, ಅರ್ಜಿ ನಮೂನೆ ಬರುತ್ತದೆ. ಶಿಕಸ್ತಾ ಓದುವವರು ಹುಟ್ಟುವುದಿಲ್ಲ. ನಮ್ಮ ಅಪಾರ್ಟ್‌ಮೆಂಟಿನ ಕ್ರಯಪತ್ರ ಇಂಗ್ಲಿಷಿನದು. ಅದರ ಹಿಂದಿನ ಮೂಲ ದಾಖಲೆಗಳಲ್ಲಿ ಎರಡು ಹಾಳೆ ಉರ್ದು. ವಕೀಲರು ಹಳೇ ಊರಿನ ಮುದುಕರೊಬ್ಬರ ಬಳಿ ಕಳಿಸಿದರು. ಅವರು ಪುಟಕ್ಕೆ ಇಷ್ಟು ಎಂದು ದರ ಹೇಳಿ, ಮುಂಗಡ ಇಸಿದುಕೊಂಡೇ ಕನ್ನಡಕ ಹಾಕಿದರು.