ಮದರ್‌ಬೋರ್ಡ್ ಬದಲಿಸುವ ಮುಂಚೆ

ಈಗಷ್ಟೇ ತಂಗಿಯ ಕಂಪ್ಯೂಟರಿಗೆ ಹೊಸ ಮದರ್‌ಬೋರ್ಡ್ ಕೂರಿಸಿ ವಿಂಡೋಸ್ 11 ಮತ್ತೆ ಹಾಕಿದ್ವಿ. ಆ್ಯಕ್ಟಿವೇಶನ್ ಪುಟದ ಟ್ರಬಲ್‌ಶೂಟರ್‌ನಲ್ಲಿ ಹಾರ್ಡ್‌ವೇರ್ ಬದಲಿಸಿದ್ದೇವೆ ಅಂತ ಒತ್ತಿ, ಅವಳ ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆದ್ವಿ. ಲೈಸೆನ್ಸ್ ವಾಪಸ್ ಬಂತು! ಮೊದಲೇ ಖಾತೆಗೆ ಜೋಡಿಸಿಟ್ಟಿದ್ದಳು, ಅದಕ್ಕೇ ಉಳೀತು.

ರ‍್ಯಾಮ್, ಎಸ್‌ಎಸ್‌ಡಿ ಬದಲಿಸಿದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಮದರ್‌ಬೋರ್ಡ್ ಬದಲಾದರೆ ಮಾತ್ರ ವಿಂಡೋಸ್‌ಗೆ ಅದು ಬೇರೆಯೇ ಯಂತ್ರ. ಬಿಡಿಯಾಗಿ ಕೊಂಡ ರಿಟೇಲ್ ಲೈಸೆನ್ಸನ್ನು ಹೊಸ ಯಂತ್ರಕ್ಕೆ ಒಯ್ಯಬಹುದು. ಕಂಪ್ಯೂಟರ್ ಜತೆಗೇ ಬಂದ ಓಇಎಂ ಲೈಸೆನ್ಸ್ ಆ ಹಳೇ ಯಂತ್ರಕ್ಕಷ್ಟೇ.

ದುಡ್ಡು ಕೊಟ್ಟು ಕೊಳ್ಳುವವರಿಗೆ ಈ ವ್ಯತ್ಯಾಸವನ್ನು ಅಂಗಡಿಯಲ್ಲೇ ಬಿಡಿಸಿ ಹೇಳಬೇಕು ಅಂತ ನನ್ನ ಅನಿಸಿಕೆ. ನೀವೇನಂತೀರಿ? ನಿಮ್ಮ ಲೈಸೆನ್ಸ್ ಯಾವುದು ಅಂತ ಇವತ್ತೇ ನೋಡಿ, ರಿಪೇರಿಗೆ ಕೊಡುವ ಮುಂಚೆ ಖಾತೆಗೆ ಜೋಡಿಸಿಡಿ.