ಮನೆಗಂದಾಯದ ರಸೀತಿ

ಸ್ವರಾಜ್ಯವೆಂದೊಡನೆ ದೆಹಲಿಯ ಸಂಸತ್ತೂ ಬೆಂಗಳೂರಿನ ವಿಧಾನಸೌಧವೂ ನಮ್ಮ ಕಣ್ಣ ಮುಂದೆ ನಿಲ್ಲುತ್ತವೆ. ನಂಜನಗೂಡಿಗೂ ತಿರುಮಕೂಡಲು ನರಸೀಪುರಕ್ಕೂ ನಡುವೆ ಕಪಿಲೆಯ ದಡದಲ್ಲಿರುವ ನಮ್ಮಂಥ ಹಳ್ಳಿಯವರಿಗೆ ಅದು ಗ್ರಾಮ ಪಂಚಾಯಿತಿಯ ಲೆಕ್ಕದ ಪುಸ್ತಕದಲ್ಲಿದೆ ಎಂದರೆ ಕೆಲವರಿಗೆ ನಗು ಬಂದೀತು. ಆದರೂ ನನ್ನ ನಂಬಿಕೆ ಅದೇ.

ನಮ್ಮ ನಾಡಿಗೆ ಈ ವಿಚಾರ ಹೊಸದಲ್ಲ. 1876–78ರ ಘೋರ ಕ್ಷಾಮವು ಮೈಸೂರು ಸಂಸ್ಥಾನವನ್ನು ಸಾಲಕ್ಕೆ ನೂಕಿತ್ತು. 1881ರಲ್ಲಿ ಆಡಳಿತ ಬ್ರಿಟಿಷರಿಂದ ಒಡೆಯರಿಗೆ ಮರಳಿದಾಗ ವರ್ಷ ವರ್ಷವೂ ಸಲ್ಲಿಸಬೇಕಾದ ಪೊಗದಿಯ ಹೊರೆಯೂ ಜೊತೆಗಿತ್ತು. ಅದೇ ವರ್ಷ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿ, 144 ಮಂದಿ ಸದಸ್ಯರ ಮುಂದೆ ರಾಜ್ಯದ ಸ್ಥಿತಿಗತಿಯನ್ನು ಅರಿಕೆ ಮಾಡಿದರು. ಅಂದು ಸದಸ್ಯರಿಗೆ ಕೇಳುವ, ಹೇಳಿಕೊಳ್ಳುವ ಅವಕಾಶವಿತ್ತೇ ಹೊರತು ನಿರ್ಧರಿಸುವ ಅಧಿಕಾರವಿರಲಿಲ್ಲ.

ಆ ಅಧಿಕಾರ ಹಳ್ಳಿಗೆ ಇಳಿದು ಬರಲು ಬಹುಕಾಲ ಹಿಡಿಯಿತು. ಅಬ್ದುಲ್ ನಜೀರ್ ಸಾಬ್ ಅವರ ಶ್ರಮದ ಫಲವಾದ 1983ರ ಕಾಯಿದೆ ಮಂಡಲ ಪಂಚಾಯಿತಿಗಳನ್ನು ತಂದಿತು. 1993ರ ಕಾಯಿದೆ ಗ್ರಾಮ ಪಂಚಾಯಿತಿಗೆ ಮನೆಗಂದಾಯ, ನೀರಿನ ಕರ, ಸಂತೆಯ ಸುಂಕಗಳನ್ನು ಎತ್ತುವ ಹಕ್ಕು ಕೊಟ್ಟಿತು. ಆದರೆ ಹಣದ ಬಹುಪಾಲು ಬರುವುದು ಮೇಲಿನಿಂದಲೇ. 15ನೆಯ ಹಣಕಾಸು ಆಯೋಗವು 2021–26ರ ಅನುದಾನದಲ್ಲಿ ನೂರಕ್ಕೆ 60 ಭಾಗವನ್ನು ನೀರು, ನೈರ್ಮಲ್ಯಗಳಿಗೆಂದೇ ಕಟ್ಟಿಹಾಕಿತ್ತು. ಉಳಿದದ್ದನ್ನೂ ಸಂಬಳಕ್ಕೆ ಬಳಸುವಂತಿರಲಿಲ್ಲ.

ಹೀಗಿರುವಾಗ ಸ್ವಂತ ಕಂದಾಯ ಅಲ್ಪವಾದರೂ ಅದರ ಬೆಲೆ ದೊಡ್ಡದು. "ನಲ್ಲೀಲಿ ನೀರಿಲ್ಲ, ಕಂದಾಯ ಯಾಕೆ ಕಟ್ಟಬೇಕು?" ಎನ್ನುತ್ತಾರೆ ನಮ್ಮೂರವರು. "ಕಂದಾಯ ಬರದಿದ್ರೆ ಮೋಟಾರು ರಿಪೇರಿ ಹೇಗೆ?" ಎನ್ನುತ್ತಾರೆ ಪಂಚಾಯಿತಿಯವರು. ಒಮ್ಮೆ ಗ್ರಾಮಸಭೆಯಲ್ಲಿ ನಮ್ಮ ದೊಡ್ಡವ್ವ ಸೆರಗಿನ ಗಂಟು ಬಿಚ್ಚಿ ರಸೀತಿ ತೆಗೆದು, "ಇದು ನಾನು ಕಟ್ಟಿರೋ ದುಡ್ಡು ಕಣಪ್ಪ, ಎಲ್ಲೋಯ್ತು ಓದಿ ಹೇಳು" ಎಂದಳು. ಕಾರ್ಯದರ್ಶಿಗಳು ಪುಸ್ತಕ ತೆರೆಯಲೇಬೇಕಾಯಿತು. ಅದೇ ಸಭೆಯಲ್ಲಿ ಅನುದಾನದ ಲೆಕ್ಕವನ್ನು ಒಬ್ಬರೂ ಕೇಳಲಿಲ್ಲ. ಅದು ಸರ್ಕಾರದ ದುಡ್ಡಂತೆ!

ಹಾಗೆಂದು ಪ್ರತಿ ಹಳ್ಳಿಯೂ ತನ್ನ ಕಂದಾಯದಲ್ಲೇ ಬದುಕಲಿ ಎಂಬುದು ನ್ಯಾಯವಲ್ಲ. ನಂಜನಗೂಡಿನ ಸುತ್ತ ಕಾರ್ಖಾನೆಗಳಿವೆ, ನಮ್ಮಲ್ಲಿರುವುದು ಗದ್ದೆ. ಬೇಸಾಯದ ಭೂಮಿಗೆ ಪಂಚಾಯಿತಿ ಕಂದಾಯ ಹಾಕುವಂತಿಲ್ಲ. ಆದ್ದರಿಂದ ಅನುದಾನ ಬೇಕು. ಆದರೆ ಅದು ಭಿಕ್ಷೆಯಲ್ಲ. ಸೋಪು ಕೊಂಡಾಗಲೂ ಬೆಂಕಿಪೊಟ್ಟಣ ಕೊಂಡಾಗಲೂ ನಾವು ತೆತ್ತ ತೆರಿಗೆಯೇ ಸುತ್ತಿ ಬಳಸಿ ಊರಿಗೆ ಬರುತ್ತದೆ. ಅದಕ್ಕೆ ನಮ್ಮ ಕೈಯಲ್ಲಿ ರಸೀತಿಯಿಲ್ಲ, ಅಷ್ಟೆ.

ಮಿತ್ರರೇ, ಅರ್ಥಶಾಸ್ತ್ರದ ತರಗತಿಯಲ್ಲಿ ಆಯವ್ಯಯವನ್ನು ಓದುವ ನಾವು ರಜೆಯಲ್ಲಿ ನಮ್ಮೂರಿನ ಆಯವ್ಯಯವನ್ನೂ ಓದಿ ಹತ್ತು ಜನಕ್ಕೆ ತಿಳಿಸಿದರೆ, ಕಲಿತದ್ದು ಸಾರ್ಥಕವಾದೀತು.